ಒಂದೇ ಫ್ಲೋರಿನ ರೂಮುಗಳು

ಮೊಮ್ಮಗಳ ಮದುವೆಗೆ ಪರವೂರಿನಿಂದ ಬರುವ ನೆಂಟರಿಗೆ ಹೋಟೆಲ್ ರೂಮು ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು. ಮಗನಿಗೂ ಸೊಸೆಗೂ ಆಫೀಸಿನ ಕಾಲ್‌ಗಳೇ ಮುಗಿಯುತ್ತಿರಲಿಲ್ಲ. ‘ಅಮ್ಮ, ನಿಮ್ಮ ಇಂಗ್ಲಿಷ್ ಕೇಳಿದ್ರೆ ಹೋಟೆಲ್‌ನೋರು ಎದ್ದು ನಿಂತ್ಕೊಂಡು ಮಾತಾಡ್ತಾರೆ, ನೀವೇ ನೋಡ್ಕೊಳಿ’ ಎಂದು ಮಗ ನಕ್ಕು ಹೇಳಿಬಿಟ್ಟ. ಧಾರವಾಡದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಬೆತ್ತ ಹಿಡಿದು ಕಲಿಸಿದ ಇಂಗ್ಲಿಷು ಈ ವಯಸ್ಸಿನಲ್ಲೂ ಸವೆದಿಲ್ಲ. ವೈಟ್‌ಫೀಲ್ಡಿನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು, ಫೋನನ್ನು ಸ್ಪೀಕರಿಗೆ ಹಾಕಿಕೊಂಡು, ಎಲೆಕ್ಟ್ರಾನಿಕ್ ಸಿಟಿಯ ಹೋಟೆಲುಗಳನ್ನು ಒಂದೊಂದಾಗಿ ವಿಚಾರಿಸತೊಡಗಿದೆ. ಕಲ್ಯಾಣಮಂಟಪ ಹೆಬ್ಬಗೋಡಿಯ ಹತ್ತಿರವಿತ್ತು. ಹೊಸೂರು ರೋಡಿನ ಟ್ರಾಫಿಕ್ಕನ್ನು ನಂಬಿ ನೆಂಟರನ್ನು ದೂರ ಇಳಿಸುವ ಹಾಗಿರಲಿಲ್ಲ.

ಅಲ್ಲಿನ ಹೋಟೆಲುಗಳು ಮದುವೆಯವರಿಗೆಂದು ಕಟ್ಟಿದವಲ್ಲ. ಕೊರಳಿಗೆ ಐಡಿ ಕಾರ್ಡು ನೇತುಹಾಕಿಕೊಂಡು ಬಂದು, ಒಂಟಿಯಾಗಿ ಊಟ ಮಾಡಿ, ಒಂಟಿಯಾಗಿ ಹೊರಟುಹೋಗುವವರ ಹೋಟೆಲುಗಳು. ವಾರದ ಕೊನೆಗೆ ಖಾಲಿ ಹೊಡೆಯುತ್ತವಾದ್ದರಿಂದ ಮದುವೆಗೆ ಒಟ್ಟಿಗೆ ಇಷ್ಟು ರೂಮು ಎಂದು ತಡೆದಿಡುತ್ತಾರೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಯಾರು ಯಾರು ಬರುತ್ತಾರೆಂದು ಮೊದಲೇ ಕನ್ಫರ್ಮ್ ಮಾಡಬೇಕು, ಇಲ್ಲವಾದರೆ ಬಿಟ್ಟುಕೊಡುತ್ತಾರೆ. ನಮ್ಮ ಕಡೆಯ ನೆಂಟರಲ್ಲಿ ಮೊದಲೇ ಕನ್ಫರ್ಮ್ ಮಾಡುವ ಪ್ರಾಣಿ ಯಾವುದಿದೆ? ಫೋನ್ ಮಾಡಿದರೆ ‘ನೋಡೂಣು ತಗೋರಿ, ಇನ್ನೂ ಟೈಮ್ ಐತಿ’ ಎನ್ನುತ್ತಿದ್ದರು.

ಕೊನೆಗೆ ಒಂದು ಹೋಟೆಲಿನ ಸೇಲ್ಸ್ ಹುಡುಗಿ ಒಪ್ಪಿದಳು. ‘ಮ್ಯಾಮ್, ಥರ್ಡ್ ಫ್ಲೋರಲ್ಲಿ ಸ್ವಲ್ಪ, ಫಿಫ್ತ್ ಫ್ಲೋರಲ್ಲಿ ಸ್ವಲ್ಪ ಕೊಡ್ತೀನಿ, ಓಕೆನಾ?’

‘ನೋ, ಮೈ ಡಿಯರ್. ಎಲ್ಲಾ ಒಂದೇ ಫ್ಲೋರಲ್ಲಿ ಬೇಕು.’

‘ಅಲ್ಲಿ ವ್ಯೂ ಇಲ್ಲ ಮ್ಯಾಮ್.’

‘ವ್ಯೂ ಬೇಡಮ್ಮ, ಮರ್ಯಾದೆ ಬೇಕು.’

ಆ ಹುಡುಗಿಗೆ ಅದು ಅರ್ಥವಾಗಿರಲಾರದು. ಗಂಡಿನ ಮನೆಯವರು ಬೇಗೂರಿನ ಹಳೆಯ ಬೇಸಾಯದ ಮನೆತನ. ಹೊಲವಿದ್ದ ಕಡೆ ಈಗ ಅವರದೇ ಪಿ.ಜಿ. ಕಟ್ಟಡಗಳು ನಿಂತಿವೆ. ಮನೆ ಅಷ್ಟು ಹತ್ತಿರದಲ್ಲಿದ್ದರೂ ಮದುವೆಯ ಹಿಂದಿನ ದಿನ ಗಂಡಿನ ಕಡೆಯವರಿಗೆ ಹೆಣ್ಣಿನವರು ರೂಮು ಕೊಡಲೇಬೇಕು. ಕೆಳಗಿನ ಫ್ಲೋರು ಕೊಟ್ಟರೆ ನಮ್ಮನ್ನು ಕಾಲ ಕೆಳಗೆ ಹಾಕಿದರು ಎನ್ನುತ್ತಾರೆ. ಮೇಲಿನದನ್ನು ಕೊಟ್ಟರೆ ನಮ್ಮವರೇ ಮುಖ ಗಂಟು ಹಾಕುತ್ತಾರೆ. ಅದೂ ಅಲ್ಲದೆ ಇದು ಜಾತಿ ಬಿಟ್ಟು ಆದ ಸಂಬಂಧ. ನಾವು ಲಿಂಗ ಕಟ್ಟಿದವರು, ಅವರು ಒಕ್ಕಲು ಮಕ್ಕಳು. ಗಂಡಿನ ಅಜ್ಜಿ ಬಹಳ ಕಾಲ ಬೇಡವೇ ಬೇಡ ಎಂದು ಕೂತು, ಕೊನೆಗೆ ಹೂಂ ಅಂದಿದ್ದರು. ಆ ಒಪ್ಪಿಗೆ ಈಗಷ್ಟೇ ಸಾರಿಸಿದ ಗೋಡೆಯಂತಿತ್ತು, ಬೆರಳಿಟ್ಟರೆ ಗುರುತು ಬೀಳುತ್ತಿತ್ತು. ಒಂದೇ ಸಾಲಿನಲ್ಲಿ, ಎದುರುಬದುರು ಬಾಗಿಲುಗಳಲ್ಲಿ ಎರಡೂ ಕಡೆಯವರಿದ್ದರೆ ಯಾವ ಮಾತೂ ಬರುವುದಿಲ್ಲವೆಂದು ನಾನೇ ಲೆಕ್ಕ ಹಾಕಿದ್ದೆ.

ಮೂಲೆಯ ರೂಮನ್ನು ನನಗೂ ನನ್ನ ಅಕ್ಕನಿಗೂ ಇಟ್ಟುಕೊಂಡೆ. ಅಕ್ಕ ರಾಣೆಬೆನ್ನೂರಿನಿಂದ ಬಂದಿದ್ದಳು. ಗಂಡನಿಲ್ಲ, ಮಕ್ಕಳಿಲ್ಲ, ಹಾರ್ಟು ಸರಿಯಿರಲಿಲ್ಲ. ಪ್ರಯಾಣ ಬೇಡವೆಂದ ಡಾಕ್ಟರಿಗೆ ‘ಮದವಿಗೆ ನೀವು ಹೋಗಿ ಬರ್ತೀರೇನು?’ ಎಂದು ಕೇಳಿ ರೈಲು ಹತ್ತಿದ್ದಳಂತೆ. ನನ್ನನ್ನು ಹಾಸ್ಟೆಲಿಗೆ ಕಳಿಸಿ ಅವಳನ್ನು ಬೇಗ ಮದುವೆ ಮಾಡಿಕೊಟ್ಟಿದ್ದರು ನಮ್ಮ ಅಪ್ಪ. ಅದಕ್ಕೆ ಅವಳು ನನ್ನ ಮೇಲೆ ಎಂದೂ ಹಲ್ಲು ಕಡಿದವಳಲ್ಲ, ಗೇಲಿ ಮಾಡಿದವಳು. ಬಾಗಿಲಿಗೆ ಕಾರ್ಡು ತೋರಿಸಿ ತೆರೆದಾಗ ‘ಅಯ್ಯ, ಇಸ್ಪೀಟ್ ಎಲಿ ತೋರಿಸಿದ್ರ ಬಾಗಲಾ ತಗೀತೈತೇನ?’ ಎಂದು ಬೆರಗಾದಳು. ಮೆತ್ತನೆಯ ಹಾಸಿಗೆಯ ಮೇಲೆ ಕೂತು, ‘ಸಿಸ್ಟರ್ ಕಡೆ ಅಷ್ಟು ವರ್ಷ ಕಲ್ತಿದ್ದು ಕಡೀಕ ರೂಮ್ ಹಿಡಿಯಾಕ ಬಂತು ನೋಡವಾ’ ಎಂದಳು. ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕೆವು.

ಮದುವೆಯ ದಿನ ಬೆಳಗಾಗುವ ಮೊದಲೇ ಮಗ, ಸೊಸೆ, ಮೊಮ್ಮಗಳು ಮಂಟಪಕ್ಕೆ ಹೋದರು. ನಮ್ಮ ನೆಂಟರೂ ಒಬ್ಬೊಬ್ಬರಾಗಿ ಹೊರಟರು. ಗಂಡಿನ ಕಡೆಯವರು ಆಮೇಲೆ ವಾಲಗದೊಂದಿಗೆ ಹೊರಡುವವರಿದ್ದರು. ಅಕ್ಕ ಸ್ನಾನ ಮುಗಿಸಿ, ಟವೆಲು ಹಾಸಿಕೊಂಡು ಹಾಸಿಗೆಯ ಮೇಲೆಯೇ ಲಿಂಗಪೂಜೆಗೆ ಕೂತಳು. ನಾನು ಬಾತ್‌ರೂಮಿಗೆ ಹೋದೆ. ಹೊರಗೆ ಬಂದಾಗ ಅವಳು ದಿಂಬಿಗೆ ಒರಗಿದ್ದಳು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಲಿಂಗ ಎಡ ಅಂಗೈಯಲ್ಲೇ ಇತ್ತು. ಕಣ್ಣುಗಳು ಅರ್ಧ ತೆರೆದಿದ್ದವು. ಕರೆದೆ, ಅಲುಗಿಸಿದೆ, ಮೂಗಿನ ಹತ್ತಿರ ಕೈ ಹಿಡಿದೆ. ಈ ವಯಸ್ಸಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮಗನಿಗೆ ಫೋನ್ ಮಾಡಿದೆ. ಹಿಂದೆ ಮಂತ್ರ, ಪಾತ್ರೆಗಳ ಸದ್ದು.

‘ದೊಡ್ಡಮ್ಮ ಹೋಗ್ಬಿಟ್ಳು ಕಣೋ.’

‘ಎಲ್ಲಿಗೆ?’ ಎಂದ. ಆಮೇಲೆ ಅವನಿಗೇ ತಿಳಿಯಿತು. ಜನರಿಂದ ದೂರ ಸರಿದನೆಂದು ತೋರುತ್ತದೆ, ಸದ್ದು ಕಡಿಮೆಯಾಯಿತು. ‘ಅಮ್ಮ, ಬಾಗ್ಲು ಲಾಕ್ ಮಾಡ್ಕೊಳಿ. ಯಾರ್ಗೂ ಹೇಳ್ಬೇಡಿ.’

‘ನಾಲ್ಕು ಗಂಡಸ್ರನ್ನ ಕಳ್ಸು. ಕೂರಿಸ್ಬೇಕು ಅವಳನ್ನ.’

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ. ಪದ್ಮಾಸನ ಹಾಕಿಸಿ, ಗೋಡೆಗೆ ಒರಗಿಸಿ, ಲಿಂಗವನ್ನು ಕೈಯಲ್ಲಿಟ್ಟು ಕೂರಿಸುತ್ತೇವೆ. ಕೂತ ಹಾಗೆಯೇ ಮಣ್ಣು ಕೊಡುತ್ತೇವೆ. ಮೈ ಸೆಟೆಯುವ ಮೊದಲು ಅದು ಆಗಬೇಕು. ಸೆಟೆದ ಮೇಲೆ ಕೂರಿಸಲು ಹೋದವರು ಕೀಲು ಮುರಿದದ್ದನ್ನು ನಾನು ಚಿಕ್ಕಂದಿನಲ್ಲಿ ಕೇಳಿದ್ದೇನೆ. ನೋಡಿಲ್ಲ, ಸದ್ದು ಕೇಳಿದ್ದೇನೆ.

‘ಹೇಗಮ್ಮ ಕಳ್ಸಲಿ? ಕಾರಿಡಾರ್ ತುಂಬಾ ಅವ್ರೇ ಇದಾರೆ. ಹೆಣ ಇರೋ ಫ್ಲೋರಿಂದ ಗಂಡನ್ನ ಕರ್ಕೊಂಡು ಹೊರಡ್ತಾರಾ ಅವ್ರು?’

‘ಲಿಂಗ ಕಟ್ಟಿದೋರಿಗೆ ಸೂತಕ ಇಲ್ಲ ಕಣೋ.’

‘ನಮಗಿಲ್ಲ. ಅವ್ರಿಗಿದೆ. ಆ ಅಜ್ಜಿ ಒಂದು ಮಾತು ಅಂದ್ರೆ ಮದ್ವೆ ನಿಂತ್ಹೋಗತ್ತೆ. ಪ್ಲೀಸ್ ಅಮ್ಮ. ತಾಳಿ ಬೀಳ್ಲಿ, ನಾನೇ ಬರ್ತೀನಿ.’

‘ಅಷ್ಟ್ರಲ್ಲಿ ಸೆಟೆದು ಹೋಗಿರ್ತಾಳೆ.’

ಆ ಕಡೆ ಯಾರೋ ಅವನನ್ನು ಕರೆದರು, ಫೋನ್ ಕಟ್ಟಾಯಿತು.

ಬಾಗಿಲು ತೆರೆದು ಒಂದು ಕೂಗು ಹಾಕಿದರೆ ಗಂಡಿನ ಕಡೆಯ ಗಂಡಸರು ಬರುತ್ತಿದ್ದರು. ಅಕ್ಕ ಕೂರುತ್ತಿದ್ದಳು, ಮದುವೆ ಏನಾಗುತ್ತಿತ್ತೋ ಗೊತ್ತಿಲ್ಲ. ಬಾಗಿಲು ಮುಚ್ಚಿಕೊಂಡರೆ ಮದುವೆ ಆಗುತ್ತಿತ್ತು, ಅಕ್ಕ ಮರದ ಹಲಗೆಯಂತೆ ಮಲಗಿ ಹೋಗುತ್ತಿದ್ದಳು. ಒಂದೇ ಹಾಸಿಗೆಯಲ್ಲಿ ನನ್ನ ಜೊತೆ ಮಲಗಿ ಬೆಳೆದವಳು ಅವಳು. ನಾನು ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟುಕೊಂಡು ನಿಂತೆ. ತೆರೆಯಲಿಲ್ಲ. ಅವಳ ಬಳಿ ಬಂದು, ಕಂಕುಳಿಗೆ ಕೈ ಹಾಕಿ ಎತ್ತಲು ನೋಡಿದೆ. ಅಕ್ಕ ಭಾರದ ಹೆಂಗಸು. ದಿಂಬಿನಿಂದ ಗೇಣಷ್ಟೂ ಏಳಲಿಲ್ಲ.

ಆಗಲೇ ಬಾಗಿಲು ತಟ್ಟಿದ್ದು. ಸಂದು ಮಾಡಿ ನೋಡಿದರೆ ಗಂಡಿನ ಅಜ್ಜಿ. ಜರಿ ಸೀರೆ, ಮೂಗಿನ ಎರಡೂ ಕಡೆ ಮೂಗುತಿ.

‘ಕಾರ್ಡು ಒಳ್ಗೇ ಬುಟ್ಟು ಬಾಗ್ಲಾಕಂಬುಟ್ಟೆ ಕಣಮ್ಮ. ಕೆಳ್ಗಡೆಯೋರ್ಗೆ ವಸಿ ಪೋನ್ ಮಾಡಿ ಇಂಗ್ಲೀಸಲ್ಲಿ ಯೋಳಿ. ನನ್ ಮಾತ್ಗೆ ಯೆಸ್ ಯೆಸ್ ಅಂತವೆ, ಬರಾಕಿಲ್ಲ ಮುಂಡೇವು.’

‘ಮಾಡ್ತೀನಿ, ನೀವು ಅಲ್ಲೇ ಇರಿ’ ಎಂದೆ. ಬೀಗಿತ್ತಿಯನ್ನು ಹೊರಗೆ ನಿಲ್ಲಿಸುವುದುಂಟೇ? ಅವರು ತಮ್ಮ ಮನೆಯ ಬಾಗಿಲೆಂಬಂತೆ ತಳ್ಳಿಕೊಂಡು ಒಳಗೆ ಬಂದರು. ಬಂದು, ಹಾಸಿಗೆ ನೋಡಿ ನಿಂತರು. ಬಾಗಿಲನ್ನು ಬೆನ್ನ ಹಿಂದೆ ಅವರೇ ಮುಚ್ಚಿದರು.

‘ಯಾವಾಗ?’

‘ಈಗ್ಲೇ. ಪೂಜೆ ಮಾಡ್ತಾ ಮಾಡ್ತಾ.’

‘ಒಳ್ಳೆ ಸಾವು’ ಎಂದರು.

ನಾನು ಅವರ ಮುಂದೆ ಕೈ ಮುಗಿದೆ. ‘ಒಂದು ಕೈ ಹಿಡೀರಿ ಅಕ್ಕ. ನಮ್ಮಲ್ಲಿ ಕೂರಿಸೇ ಮಣ್ಣು ಕೊಡೋದು. ಒಬ್ಬಳ ಕೈಲಿ ಆಗ್ತಿಲ್ಲ. ಗಂಡಸ್ರನ್ನ ಕರೆಯೋ ಹಾಗಿಲ್ಲ, ನಿಮಗೇ ಗೊತ್ತು.’

ಅವರು ಒಂದು ಹೆಜ್ಜೆ ಮುಂದಿಟ್ಟರು. ಸೆರಗಿನೊಳಗಿಂದ ಕೈಗಳು ಹೊರಗೆ ಬಂದವು, ಹಸಿರು ಗಾಜಿನ ಬಳೆ ತುಂಬಿದ ದಪ್ಪ ಕೈಗಳು. ಸಗಣಿ, ಸೌದೆ, ಮಕ್ಕಳು, ಹೆಣ ಎಲ್ಲವನ್ನೂ ಎತ್ತಿದ ಕೈಗಳು. ಒಂದು ಸಲ ಹಿಡಿದರೆ ಅಕ್ಕ ಏಳುತ್ತಿದ್ದಳು. ಅವರು ಆ ಕೈಗಳನ್ನೇ ನೋಡಿಕೊಂಡರು.

‘ಮುಟ್ಟುದ್ರೆ ತಲೆ ಮ್ಯಾಕೆ ನೀರಾಕಬೇಕು ಕಣಮ್ಮ. ಯಾಕೆ ಅಂತ ಕೇಳ್ತರೆ. ಮುಟ್ಟಿದ್ ಕೈಲೇ ಓಗಿ ಮಕ್ಳ ತಲೆ ಮ್ಯಾಗೆ ಅಕ್ಸತೆ ಆಕಾಕೆ ನನ್ ಕೈಲಾಗಾಕಿಲ್ಲ.’

‘ಹಾಗಾದ್ರೆ ಮದ್ವೆ?’

‘ನಾನು ಈ ರೂಮ್ಗೆ ಬಂದೇ ಇಲ್ಲ. ಕದ ಆಕಳಿ.’

ಹೊರಗೆ ಅವರ ಜೋರು ದನಿ ಕೇಳಿತು. ‘ಏಯ್, ಆ ಕಡೀಕ್ ಓಗ್ಬ್ಯಾಡ್ರಲಾ! ಎಣ್ಣಿನಜ್ಜಿ ಸೀರೆ ಉಟ್ಕಂತಾವ್ರೆ. ನಡೀರಿ, ನಡೀರಿ, ಒತ್ತಾಯ್ತು!’ ಯಾರೋ ‘ಅಜ್ಜಿಗೆ ನಮ್ಗಿಂತ ಅರ್ಜೆಂಟು’ ಎಂದು ನಕ್ಕರು. ಕಾರಿಡಾರು ಲಿಫ್ಟಿನ ಕಡೆ ಖಾಲಿಯಾಯಿತು. ಕೆಳಗೆ ವಾಲಗ ಶುರುವಾಯಿತು. ಮದುವೆಯನ್ನು ಅವರು ನಮಗೆ ಕೊಟ್ಟು ಹೋದರು. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ನನಗಿರಲಿಲ್ಲವೆಂದು ಈಗಲೂ ಅಂದುಕೊಳ್ಳುತ್ತೇನೆ, ಎಲ್ಲ ದಿನವೂ ಅಲ್ಲ.

ನಮ್ಮವರು ಯಾರೂ ಆ ಫ್ಲೋರಿನಲ್ಲಿ ಉಳಿದಿರಲಿಲ್ಲ. ಹೋಟೆಲಿನವರನ್ನು ಕರೆದರೆ ಅವರು ಮೊದಲು ಕರೆಯುವುದು ಪೊಲೀಸರನ್ನು. ಎತ್ತಿ ಕೂರಿಸಲಂತೂ ಆಗದು, ಹೊರಳಿಸಲು ಆದೀತು ಎನಿಸಿತು. ಅಕ್ಕನನ್ನು ಮೆಲ್ಲಗೆ ಎಡಮಗ್ಗುಲಿಗೆ ಹೊರಳಿಸಿದೆ. ಮಂಡಿಗಳನ್ನು ಮಡಿಸಿ ಒಂದರ ಮೇಲೊಂದು ಪಾದ ತಂದು, ಬಾತ್‌ರೂಮಿನಲ್ಲಿ ನೇತುಹಾಕಿದ್ದ ಬಿಳಿ ನಿಲುವಂಗಿಯ ಪಟ್ಟಿಯಿಂದ ಕಟ್ಟಿದೆ. ತಲೆಯ ಕೆಳಗೆ ಒಂದು ದಿಂಬಿಟ್ಟು, ಎರಡೂ ಹಾಸಿಗೆಯ ಉಳಿದ ದಿಂಬುಗಳನ್ನು ಬೆನ್ನಿಗೆ ಒತ್ತಿದೆ. ಲಿಂಗವಿದ್ದ ಕೈಯನ್ನು ಮಡಿಲಿಗೆ ತಂದು ಬೆರಳು ಮುಚ್ಚಿದೆ. ಮಲಗಿದ್ದರೂ ಕೂತ ಆಕಾರ. ಎತ್ತುವವರು ಬಂದಾಗ ಎತ್ತಿ ನಿಲ್ಲಿಸಿದರೆ ಕೂತಂತಾಗುತ್ತದೆ ಎಂಬುದು ನನ್ನ ಆಸೆ. ಏಸಿಯ ಗಾಳಿ ನೇರ ಅವಳ ಮೇಲೆ ಬೀಳುತ್ತಿತ್ತು. ಆರಿಸಲು ಹೋಗಿ, ಆರಿಸಬಾರದೆಂದು ಹೊಳೆದು, ಕೈ ಹಿಂದಕ್ಕೆ ತೆಗೆದೆ.

ಫೋನಿಗೆ ಮದುವೆಯ ಲೈವ್ ಲಿಂಕ್ ಬಂತು. ಸದ್ದು ಬರದಂತೆ ಮಾಡಿ ಹಚ್ಚಿದೆ. ತಲೆ ಬಗ್ಗಿಸಿ ಕೂತ ಮೊಮ್ಮಗಳು, ಅವಳ ಹಿಂದೆ ಮೈಯೆಲ್ಲ ಬೆವರಿದ ನನ್ನ ಮಗ. ತಾಳಿ ಕಟ್ಟುವಾಗ ಅಕ್ಷತೆ ಬಿತ್ತು. ಗಂಡಿನ ಅಜ್ಜಿಯ ಮುಖ ಒಂದು ಕ್ಷಣ ಕ್ಯಾಮೆರಾದಲ್ಲಿ ಕಂಡಿತು. ನಗುತ್ತಿರಲಿಲ್ಲ. ನಾನು ಅಕ್ಕನ ಮಂಡಿ ಮುಟ್ಟಿ ನೋಡಿದೆ. ಆಗಲೇ ಗಟ್ಟಿಯಾಗತೊಡಗಿತ್ತು.

ಮಧ್ಯಾಹ್ನ ಮಗ ನೆಂಟರಲ್ಲಿ ನಾಲ್ವರನ್ನೂ ಒಬ್ಬ ಡಾಕ್ಟರನ್ನೂ ಕರೆದುಕೊಂಡು ಓಡಿ ಬಂದ. ರೇಷ್ಮೆ ಪಂಚೆ ಹಾಗೇ ಇತ್ತು. ಡಾಕ್ಟರು ನೋಡಿ ಬರೆದುಕೊಟ್ಟರು. ಗಂಡಸರು ಅಕ್ಕನನ್ನು ಎತ್ತಿ ನೆಟ್ಟಗೆ ಇಟ್ಟರು. ಕಾಲು ಬಿಚ್ಚಲಿಲ್ಲ, ಬೆನ್ನು ಬಹುಮಟ್ಟಿಗೆ ನಿಂತಿತು. ಕತ್ತು ಮಾತ್ರ ನಿಲ್ಲಲಿಲ್ಲ. ಯಾವಾಗಲೋ ತಲೆಯ ಕೆಳಗಿನ ದಿಂಬು ಜಾರಿದೆ, ನಾನು ನೋಡಿಲ್ಲ. ತಲೆ ಎಡಭುಜದ ಮೇಲೆ ವಾಲಿ ಅಲ್ಲೇ ಬಿಗಿದುಕೊಂಡಿತ್ತು.

ಮ್ಯಾನೇಜರು ಬಂದು ಬಾಗಿಲಲ್ಲೇ ನಿಂತ. ‘ಸಾರ್, ಸಾರಿ ಸಾರ್, ಗೆಸ್ಟ್ ಲಿಫ್ಟ್ ಬೇಡ. ಹಿಂದ್ಗಡೆ ಸರ್ವಿಸ್ ಲಿಫ್ಟ್ ಇದೆ. ಸ್ಟ್ರೆಚರ್ ಹಿಡಿಸಲ್ಲ ಅದ್ರಲ್ಲಿ.’

ಮೇಜಿನ ಮುಂದೆ ಲ್ಯಾಪ್‌ಟಾಪಿನವರಿಗೆಂದು ಇಟ್ಟಿದ್ದ ಗಾಲಿ ಕುರ್ಚಿಯಲ್ಲಿ ಅಕ್ಕನನ್ನು ಕೂರಿಸಿ, ಸೀರೆಯಿಂದ ಬಿಗಿದರು. ಕೊಳೆ ಬಟ್ಟೆಯ ತಳ್ಳುಗಾಡಿಗಳನ್ನು ಸರಿಸಿ ಲಿಫ್ಟಿಗೆ ನೂಕಿದರು. ಕುರ್ಚಿಯ ಬೆನ್ನು ಗಿಡ್ಡ, ತಲೆಗೆ ಆಸರೆಯಿಲ್ಲ. ಮಗ ಹಿಂದೆ ನಿಂತು ಎರಡೂ ಅಂಗೈಗಳಲ್ಲಿ ಅವಳ ತಲೆಯನ್ನು ಹಿಡಿದು ನೇರ ಮಾಡಲು ನೋಡಿದ. ಒತ್ತಿದಾಗ ಚೂರು ಬರುತ್ತಿತ್ತು, ಬಿಟ್ಟರೆ ಮತ್ತೆ ವಾಲುತ್ತಿತ್ತು.

‘ಜೋರಾಗಿ ಒತ್ತಬೇಡ, ಅವಳಿಗೆ ನೋಯತ್ತೆ’ ಎಂದುಬಿಟ್ಟೆ.

ಅವನು ಅಳತೊಡಗಿದ. ಕೈ ಮಾತ್ರ ತೆಗೆಯಲಿಲ್ಲ. ಸಂಜೆ ಅವನ ಮಗಳ ರಿಸೆಪ್ಶನ್ ಇತ್ತು, ಗಂಡಿನವರಿಗೆ ಆಗ ಎಲ್ಲ ತಿಳಿದಿತ್ತು, ಸೊಸೆ ಒಬ್ಬಳೇ ನಿಂತು ಎಲ್ಲರನ್ನೂ ಬರಮಾಡಿಕೊಂಡಳಂತೆ. ರಾಣೆಬೆನ್ನೂರಿಗೆ ಹೊರಟ ಆಂಬುಲೆನ್ಸಿನಲ್ಲಿ ಅಕ್ಕನ ಪಕ್ಕದಲ್ಲಿ ನಾನಿದ್ದೆ, ಹಿಂದೆ ಅವನು. ತುಮಕೂರು ದಾಟಿತು, ಚಿತ್ರದುರ್ಗ ದಾಟಿತು. ನಡುವೆ ಒಬ್ಬ ನೆಂಟ, ‘ಸ್ವಲ್ಪ ಹೊತ್ತು ನಾನು ಹಿಡೀತೀನಿ, ಬಿಡು’ ಎಂದರೆ ತಲೆಯಾಡಿಸಿದ. ಊರು ಮುಟ್ಟುವವರೆಗೂ ಅವನು ಆ ತಲೆಯನ್ನು ಹಿಡಿದೇ ಇದ್ದ. ಸಾಕು ಬಿಡು ಎಂದು ನಾನೂ ಹೇಳಲಿಲ್ಲ.