ಎತ್ತಿಗೆ ಹೊಲಿಸಿದ ಕಾಲುಚೀಲ

ಚಕ್ಕಡಿಯ ಕಡಾಣಿ ಕಳಚಿ ಗಾಲಿಯೊಂದು ಕಡಲೆ ಹೊಲಕ್ಕೆ ಉರುಳಬಹುದಿತ್ತು. ನೊಗದ ಹಗ್ಗ ಹರಿಯಬಹುದಿತ್ತು. ಎದುರಿಗೆ ಮರಳಿನ ಲಾರಿ ಬಂದು ಎತ್ತು ಬೆದರಬಹುದಿತ್ತು. ಅಕಾಲದಲ್ಲಿ ಮೋಡ ಒಡೆದು, ಎರೆಮಣ್ಣು ಗಾಲಿಗೆ ಮೆತ್ತಿ, ಬಂಡಿಯೇ ಹೊಲವನ್ನು ಹೊತ್ತು ನಿಲ್ಲಬಹುದಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಕೆಂದ ಮತ್ತೆ ಕುಂಟಬಹುದಿತ್ತು. ಹೊಳೆಮಣ್ಣೂರಿನ ಹಾದಿಯಲ್ಲಿ ನಡೆಯಲಿದ್ದ ಖಾಲಿ ಚಕ್ಕಡಿ ಓಟಕ್ಕೆ ಮುಂಚೆ ನಾನು ಹಾಳೆಯ ಎರಡೂ ಮಗ್ಗುಲಿಗೆ ಬರೆದಿಟ್ಟ ಅನಾಹುತಗಳಲ್ಲಿ ಇವು ಪ್ರಮುಖವಾದವು. ಗಜೇಂದ್ರಗಡದ ಶಾಲೆಯಲ್ಲಿ ಭೂಗೋಳ ಕಲಿಸುತ್ತಲೇ ಐವತ್ತು ದಾಟಿದ ನನಗೆ ಭೂಮಿಯ ಮೇಲೆ ಎಲ್ಲೆಲ್ಲಿ ಏನೇನು ಆಗಬಹುದೆಂಬುದು ವೃತ್ತಿಯಿಂದಲೇ ಗೊತ್ತು. ಆಗದೆಯೂ ಇರಬಹುದೆಂಬ ಪಾಠ ಮಾತ್ರ ಪಠ್ಯದಲ್ಲಿಲ್ಲ.

ಕೆಂದನ ವಿಷಯ ಹೇಳಿಬಿಡುತ್ತೇನೆ. ಸೂಡಿಯಲ್ಲಿರುವ ನನ್ನ ಅಕ್ಕ ಶಾಂತಕ್ಕನ ಮನೆಯ ಜೋಡೆತ್ತುಗಳಲ್ಲಿ ಎಡಗಡೆಯವನು ಅವನು, ಬಲಗಡೆಯವನು ಮಲ್ಲ. ಹೋದ ವರ್ಷ ಇದೇ ಓಟಕ್ಕೆ ಹೊರಟಾಗ, ಹತ್ತಿರದ ದಾರಿಯೆಂದು ನಕಾಶೆ ಬಿಡಿಸಿ ನಾನು ತೋರಿಸಿದ ರಸ್ತೆಗೆ ಆಗಷ್ಟೇ ಖಡಿಕಲ್ಲು ಸುರಿದಿದ್ದರು. ಕೆಂದನ ಗೊರಸಿನ ಸಂದಿಗೆ ಚೂರೊಂದು ಹೊಕ್ಕು, ಅವನು ಮೂರು ತಿಂಗಳು ಮೂರೇ ಕಾಲಿನ ಮೇಲೆ ನಿಂತ. ಅಕ್ಕನ ಗಂಡ ಫಕೀರಪ್ಪ ಮಾಮಾ ದಿನವೂ ಬೇವಿನೆಣ್ಣೆ ಅರಿಶಿಣ ಹಚ್ಚಿ ಕಟ್ಟಿದರೇ ಹೊರತು ನನಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಈ ವರ್ಷ ಅವರು ಹೇಳಿದ್ದು ಇಷ್ಟೇ: "ಒಮ್ಮಿ ಓಡಿಸಿ ನೋಡೂಣು. ಮತ್ತ ಕುಂಟಿದಾ ಅಂದ್ರ ಅವನ ಹೆಗಲಿಗೆ ನೊಗ ಇಡೂದಿಲ್ಲ, ಮನ್ಯಾಗ ಕುಂತ ಉಣ್ಣಲಿ." ಜೋಡಿ ಒಡೆದರೆ ಮಲ್ಲನೂ ಅರ್ಧ ಎತ್ತೇ. ಅಷ್ಟೂ ಭಾರ ನನ್ನ ನಕಾಶೆಯ ಮೇಲಿತ್ತು.

ಈ ಚಿಂತೆಯಲ್ಲಿದ್ದಾಗಲೇ ಒಂದು ಸಂಜೆ ಫೋನಿನಲ್ಲಿ ಹಿಮದ ನಾಡಿನ ನಾಯಿಗಾಡಿ ಓಟ ಕಣ್ಣಿಗೆ ಬಿತ್ತು. ದಿನಗಟ್ಟಲೆ ಓಡುವ ಆ ಗಾಡಿಯಲ್ಲಿ ಏನೇನು ಇರಲೇಬೇಕೆಂಬುದಕ್ಕೆ ಪಟ್ಟಿಯೇ ಇದೆ: ಕೊಡಲಿ, ಒಲೆ, ಹಿಮ ಕರಗಿಸುವ ಪಾತ್ರೆ, ಮಲಗುವ ಚೀಲ, ನಾಯಿಗಳ ಬುತ್ತಿ, ಜೊತೆಗೆ ಪ್ರತಿ ನಾಯಿಯ ಒಂದೊಂದು ಕಾಲಿಗೂ ಎರಡೆರಡು ಬಟ್ಟೆಯ ಚೀಲ, ಒಂದು ಹರಿದರೆ ಇನ್ನೊಂದಿರಲೆಂದು. ತಂಗುದಾಣದಲ್ಲಿ ವೈದ್ಯರು ಮೊದಲು ನೋಡುವುದು ನಾಯಿಯ ಪಾದವನ್ನು. ಮೀಸೆಯ ಮೇಲೆ ಹಿಮಗಟ್ಟಿದ ಸವಾರನನ್ನು ಉಂಡೆಯಾ ಎಂದು ಕೇಳುವವರಿಲ್ಲ. ಓದುಗ ಮಹಾಶಯರೇ, ನನ್ನಂಥ ಪುಕ್ಕಲರೇ ಕೂಡಿ ಬರೆದಂತಿದ್ದ ಆ ಪಟ್ಟಿಯನ್ನು ಕಂಡು, ಭೂಗೋಳದ ಆ ತುದಿಯಲ್ಲೂ ನನಗೆ ಬಂಧುಗಳಿದ್ದಾರೆಂದು ಕಣ್ಣು ತುಂಬಿ ಬಂತು.

ಮಾರನೆಯ ದಿನವೇ ಹಳೆಯ ಜೀನ್ಸ್ ಪ್ಯಾಂಟುಗಳ ಗಂಟು ಹೊತ್ತು ಸೂಡಿಯ ಬಸ್ಸು ಹತ್ತಿದೆ. ಎತ್ತು ಎರಡು, ಕಾಲು ಎಂಟು, ಚೀಲ ಹದಿನಾರು.

"ಹದಿನಾರ?" ಅಕ್ಕ ಹೊಲಿಗೆ ಮಿಷಿನ್ ನಿಲ್ಲಿಸಿ ನನ್ನನ್ನೇ ನೋಡಿದಳು. "ನಿನ್ನ ಮದಿವ್ಯಾಗೂ ನಾ ಇಷ್ಟ ಹೊಲದಿಲ್ಲೋ ತಮ್ಮಾ!"

ಮಾಮಾ ಅಂಗಳದಿಂದಲೇ ಕೂಗಿದರು: "ಯಾಕ್ರಿ ಮಾಸ್ತರ, ಎತ್ತನ್ನ ಸಾಲಿಗೆ ಹಾಕ್ತೀರೇನು? ಬೂಟು ಆತು, ಟೈ ಯಾವಾಗ್ರಿ?"

ಮಾಮಾರ ಸಾಮಾನಿಗೆ ಪಟ್ಟಿಯಿಲ್ಲ. ಕೀಲೆಣ್ಣೆ, ಹೆಚ್ಚಿನ ಕಡಾಣಿ, ಹಗ್ಗ, ನೆನೆಸಿದ ಹುರುಳಿ, ಬೇವಿನೆಣ್ಣೆಯ ಶೀಸೆ, ಒಂದೊಂದನ್ನೂ ಕೈಯಿಂದ ಮುಟ್ಟುತ್ತ ಚಕ್ಕಡಿಯಲ್ಲಿಟ್ಟರೆ ಲೆಕ್ಕ ಮುಗಿಯಿತು. ನನ್ನ ಹದಿನಾರನ್ನೂ ಹಾಗೆಯೇ ಮುಟ್ಟಿ ಇಟ್ಟರು. ಓಟಕ್ಕೆ ಹೋಗುವ ದಾರಿಯಲ್ಲಿ ಖಡಿ ಹಾಸಿದ ತುಣುಕೊಂದು ಬಂದಾಗ, "ಮಾಸ್ತರ ಜೀವಕ್ಕ ಸಮಾಧಾನ ಇರ್ಲಿ" ಎನ್ನುತ್ತ ಕೆಂದನಿಗೆ ಒಂದನ್ನು ಕಟ್ಟಿಯೂ ಕಟ್ಟಿದರು. ಕೆಂದ ನಾಲ್ಕು ಹೆಜ್ಜೆ ಇಟ್ಟು ಕಾಲು ಝಾಡಿಸಿದ. ಹಾರಿ ಬಿದ್ದ ಚೀಲವನ್ನು ಮಲ್ಲ ಮೂಸಿ, ತಿನ್ನಲು ಯೋಗ್ಯವಲ್ಲವೆಂದು ತೀರ್ಮಾನಿಸಿದ.

ಓಟದ ಬೆಳಿಗ್ಗೆ ಬೇವಿನ ಮರದ ಕೆಳಗೆ ಸಾಮಾನು ಕಾಯುವ ಕೆಲಸ ನನ್ನದು. ಓಟದ ಕಟ್ಟಳೆಯಂತೆ ಬಾರುಕೋಲು ಮುಟ್ಟದೆ, ಬರೀ ಬಾಯಿಮಾತಿನಿಂದ ಓಡಿಸಿ, ದೂರದ ಸೇತುವೆ ಸುತ್ತಿ ಬರಬೇಕು. ತಿರುವಿನಲ್ಲಿ ಧೂಳೆದ್ದಾಗ ನಾನು ಸಾಮಾನು ಮರೆತು ಹೊಲದಲ್ಲಿ ಓಡಿದೆ. ನಮ್ಮ ಚಕ್ಕಡಿ ಬಂದದ್ದು ಏಳನೆಯದಾಗಿ. ಗೆದ್ದವರತ್ತ ಮಾಮಾ ತಿರುಗಿಯೂ ನೋಡದೆ, ಎತ್ತುಗಳ ಕೊರಳ ಹಗ್ಗ ಬಿಚ್ಚಿ, ಕೆಂದನ ಕಾಲೆತ್ತಿ ಗೊರಸಿಗೆ ಅಂಗೈ ಹಚ್ಚಿದರು. ಒಳಗೆ ನೋವಿದ್ದರೆ ಗೊರಸು ಸುಡುತ್ತದೆ. ಅವರು ಬಹಳ ಹೊತ್ತು ಕೈ ತೆಗೆಯಲಿಲ್ಲ.

"ತಣ್ಣಗೈತಿ," ಎಂದರು. ಆಮೇಲೆ ಸರಿದು ಜಾಗ ಕೊಟ್ಟರು. "ಬರ್ರಿ, ನೀವೂ ಮುಟ್ಟಿ ನೋಡ್ರಿ ಮಾಸ್ತರ."

ಮುಟ್ಟಿದೆ. ನೀರಿನ ಕೊಡದ ತಳದಂತೆ ತಂಪಾಗಿತ್ತು. ಒಂದು ವರ್ಷ ಅವರು ಆಡದೆ ಉಳಿಸಿದ ಮಾತಿಗೂ, ಆ ಗೊರಸಿಗೂ, ಹಿಮದ ನಾಡಿನ ಆ ಅಪರಿಚಿತ ಪುಕ್ಕಲರಿಗೂ ಒಟ್ಟಿಗೇ ಕೈ ಮುಗಿಯಬೇಕೆನಿಸಿತು. ಆದರೆ ಕೈ ಗೊರಸಿನ ಮೇಲೆಯೇ ಇತ್ತು.

ಇನ್ನು ನಿಜವಾಗಿ ಆದ ಅನಾಹುತ. ಹೊಲದಲ್ಲಿ ಓಡಿದ್ದಕ್ಕೆ ನನ್ನ ಬಲಗಾಲ ಚಪ್ಪಲಿಯ ಉಂಗುಟ ಕಿತ್ತು ಬಂದಿತ್ತು. ಓಡಿದ ಎತ್ತಿನ ಬಂಡಿಯಲ್ಲಿ ಆ ದಿನ ಯಾರೂ ಕೂಡಬಾರದೆಂಬುದು ಮಾಮಾರ ಮನೆತನದ ರೂಢಿ; ನನಗೆ ಬಸ್ಸು ಸಿಗುವ ರೋಣದವರೆಗೆ ಜೊತೆಗೇ ನಡೆಯಬೇಕು. ಮಾಮಾ ಗಂಟು ಬಿಚ್ಚಿ ಒಂದು ಚೀಲವನ್ನು ನನ್ನ ಕಾಲಿಗೆ ಕಟ್ಟಿದರು. ಅಳತೆ ತೆಗೆದು ಹೊಲಿದಂತೆ ಕೂತಿತು. ನಾನು ಝಾಡಿಸಲಿಲ್ಲ. ಅರ್ಧ ದಾರಿಯಲ್ಲಿ ಅದು ಹರಿಯಿತು, ಎರಡನೆಯದನ್ನು ಕಟ್ಟಿಕೊಂಡೆ.