ಗೆರೆ ಬಿಟ್ಟುಕೊಡದ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ. ಇಪ್ಪತ್ತಾರು ವರ್ಷದಿಂದ ಆಸ್ಪತ್ರೆಯ ಚೇತರಿಕೆ ಕೋಣೆಯಲ್ಲಿ ನರ್ಸ್. ಆಪರೇಷನ್ ಮುಗಿದು ಇನ್ನೂ ಮಂಪರಿನಲ್ಲಿರುವವರನ್ನು ಅಲ್ಲಿಗೆ ತಂದು ಮಲಗಿಸಿ, ಮೂಗಿಗೊಂದು ಸಣ್ಣ ಕೊಳವೆ ಸಿಕ್ಕಿಸುತ್ತಾರೆ. ಹೊರಬಿಟ್ಟ ಉಸಿರಿನಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಮಾನಿಟರ್ ಅಳೆದು ಗೆರೆ ಎಳೆಯುತ್ತದೆ. ಉಸಿರು ಸಲೀಸಾಗಿದ್ದರೆ ಆ ಗೆರೆ ಇಟ್ಟಿಗೆ ಸಾಲಾಗಿ ಇಟ್ಟಂತೆ ಕಾಣುತ್ತದೆ. ಎದೆ ಬಿಗಿಯತೊಡಗಿದರೆ ಇಟ್ಟಿಗೆಯ ಒಂದು ಮೂಲೆ ಓರೆಯಾಗುತ್ತದೆ. ಆ ಓರೆ ಎಷ್ಟೇ ಚಿಕ್ಕದಿರಲಿ, ಚಿಕ್ಕಮ್ಮನ ಕಣ್ಣು ತಪ್ಪಿಸುವುದು ಕಷ್ಟ. ದರ್ಜಿ ಕೆಲಸದ ಚಿಕ್ಕಪ್ಪ, "ಇವಳು ನನ್ನ ಮುಖ ನೋಡಿದ್ದಕ್ಕಿಂತ ರೋಗಿಗಳ ಗೊರಕೆ ನೋಡಿದ್ದೇ ಜಾಸ್ತಿ" ಎಂದು ಗೊಣಗುತ್ತಾರೆ.

ಕಳೆದ ವರ್ಷ ಹೊಸ ಮಾನಿಟರ್‌ಗಳು ಬಂದವು. ಅವು ಗೆರೆಯನ್ನು ತಾವೇ ಓದಿ, ಪರದೆಯ ಮೂಲೆಯಲ್ಲಿ ತೀರ್ಪು ಬರೆಯುತ್ತವೆ: ಸಾಮಾನ್ಯ, ಎಚ್ಚರಿಕೆ, ಅಪಾಯ. ತಿಂಗಳೊಳಗೆ ನಾವು ಕಿರಿಯ ನರ್ಸ್‌ಗಳು ಗೆರೆ ನೋಡುವುದನ್ನೇ ಬಿಟ್ಟೆವು. ಸುಳ್ಳೇಕೆ, ನಾನೂ ಬಿಟ್ಟಿದ್ದೆ. ಚಿಕ್ಕಮ್ಮ ಬಿಟ್ಟಾಳೆಯೇ? ಬಿಳಿ ಪ್ಲಾಸ್ಟರ್ ಹರಿದು ಪ್ರತಿ ಪರದೆಯ ಆ ಮೂಲೆಗೆ ಅಂಟಿಸಿದಳು. ಅಲಾರಂ ಸದ್ದನ್ನು ಮಾತ್ರ ಮುಟ್ಟಲಿಲ್ಲ.

"ಮೊದಲು ಗೆರೆ ಓದಿ ಬಾಯಿಬಿಟ್ಟು ಹೇಳು. ಆಮೇಲೆ ಪ್ಲಾಸ್ಟರ್ ಎತ್ತಿ ನೋಡು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ನೀನು ಕಂಡೇ ಇಲ್ವಲ್ಲೇ!" ಎಂದು ನನ್ನನ್ನೇ ಎಲ್ಲರೆದುರು ಗದರಿದಳು. ನನಗೆ ಉರಿದುಹೋಯಿತು. ಆದರೂ ಓದಲು ಕಲಿತೆ.

ಸೂಪರಿಂಟೆಂಡೆಂಟ್ ಒಂದು ದಿನ ರೌಂಡಿಗೆ ಬಂದವರು ಪ್ಲಾಸ್ಟರ್ ನೋಡಿ ಕೆಂಡವಾದರು. ಚಿಕ್ಕಮ್ಮನ ಜೊತೆ ನನ್ನನ್ನೂ ತಮ್ಮ ಕೋಣೆಗೆ ಕರೆಸಿದರು. ಮಾನಿಟರ್ ಕಂಪನಿಯ ಎಂಜಿನಿಯರ್ ಲ್ಯಾಪ್‌ಟಾಪ್ ಹಿಡಿದು ಅಲ್ಲೇ ಕೂತಿದ್ದ.

"ಸೋಮವಾರದಿಂದ ಪರದೆ ಮೇಲೆ ಗೆರೆನೇ ಇರಲ್ಲ ಸಿಸ್ಟರ್. ತೀರ್ಪು, ಒಂದು ಅಂಕಿ, ಅಷ್ಟು ಸಾಕು. ಮಿಷನ್ ನಿಮಗಿಂತ ಚೆನ್ನಾಗಿ ಓದುತ್ತೆ" ಎಂದರು ಸೂಪರಿಂಟೆಂಡೆಂಟ್.

"ಹಾಗಿದ್ರೆ ಓದಿಸಿ ನೋಡೋಣ ಸರ್. ಅದಕ್ಕೂ ನನಗೂ ಒಂದೇ ಪರೀಕ್ಷೆ" ಎಂದಳು ಚಿಕ್ಕಮ್ಮ.

ಎಂಜಿನಿಯರ್‌ಗೆ ಹುರುಪು ಬಂತು. ಹಿಂದಿನ ತಿಂಗಳ ಇಪ್ಪತ್ತು ರೋಗಿಗಳ ಗೆರೆಗಳನ್ನು ತೀರ್ಪು ಮುಚ್ಚಿ ಒಂದೊಂದಾಗಿ ತೋರಿಸಿದ. ಚಿಕ್ಕಮ್ಮ ಕನ್ನಡಕ ಏರಿಸಿ ಹೇಳುತ್ತ ಹೋದಳು, ನಾನು ಬರೆದುಕೊಂಡೆ. ಕೊನೆಗೆ, ಆಯಾ ದಿನ ಎದೆ ಪರೀಕ್ಷಿಸಿದ ಡಾಕ್ಟರು ಫೈಲಿನಲ್ಲಿ ಬರೆದಿದ್ದನ್ನು ಸೂಪರಿಂಟೆಂಡೆಂಟ್ ತೆಗೆದು ಹೋಲಿಸಿದರು. ಮಿಷನ್ ಎರಡು ಕಡೆ ತಪ್ಪಿತ್ತು. ಚಿಕ್ಕಮ್ಮ ಮೂರು ಕಡೆ. ಅದರಲ್ಲೊಬ್ಬ ರೋಗಿಯ ಉಸಿರೇ ಕಡಿಮೆಯಾಗಿತ್ತು, ಇವಳು ಕೊಳವೆ ಜಾರಿದೆ ಎಂದಿದ್ದಳು.

"ಸೋತ್ರಲ್ಲ ಸಿಸ್ಟರ್" ಎಂದು ಸೂಪರಿಂಟೆಂಡೆಂಟ್ ನಕ್ಕರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಸೋತೆ ಸರ್. ಆ ಮೂರು ಜನಕ್ಕೆ ನಾನೊಬ್ಬಳೇ ಗತಿ ಆಗಿದ್ರೆ ಏನಾಗ್ತಿತ್ತು ಅಂತ ಭಯ ಆಗ್ತಿದೆ. ಮಿಷನ್ ಇತ್ತು, ಬದುಕಿದ್ರು. ಈಗ ಮಿಷನ್ ತಪ್ಪಿದ ಇಬ್ಬರ ಫೈಲ್ ಓದಿ. ಜೋರಾಗಿ ಓದಿ."

ಅವರು ಬೇಸರದಿಂದಲೇ ಓದತೊಡಗಿದರು. ಒಬ್ಬಾಕೆ ಮೂವತ್ತೊಂದರ ಬಾಣಂತಿ, ಇನ್ನೊಬ್ಬರು ನಿವೃತ್ತ ಮೇಷ್ಟ್ರು. ಇಬ್ಬರಿಗೂ ಎದೆ ಬಿಗಿದಿತ್ತು, ಪರದೆ 'ಸಾಮಾನ್ಯ' ಎಂದಿತ್ತು. 'ಗೆರೆ ನೋಡಿ ನರ್ಸ್ ಕರೆದರು' ಎಂದು ಎರಡೂ ಫೈಲಿನಲ್ಲಿ ಡಾಕ್ಟರು ಬರೆದಿದ್ದರು. ಓದುತ್ತ ಓದುತ್ತ ಅವರ ದನಿ ಇಳಿಯಿತು.

"ನಾನು ತಪ್ಪಿದ ಕಡೆ ಅದು ತಪ್ಪಿಲ್ಲ, ಅದು ತಪ್ಪಿದ ಕಡೆ ನಾನು ತಪ್ಪಿಲ್ಲ. ಗೆರೆ ತೆಗೆದ್ಮೇಲೆ ಈ ಇಬ್ಬರನ್ನ ಯಾರು ನೋಡ್ತಾರೆ ಸರ್?"

ಎಂಜಿನಿಯರ್ ಮೆಲ್ಲಗೆ, "ಗೆರೆ ಇರಲಿ ಸರ್" ಎಂದ.

ಗೆರೆ ಉಳಿಯಿತು. ಆದರೆ ದೊಡ್ಡವರ ಮರ್ಯಾದೆಯೂ ಉಳಿಯಬೇಕಲ್ಲ! ಉಪಕರಣಕ್ಕೆ ಪ್ಲಾಸ್ಟರ್ ಅಂಟಿಸಿದ್ದಕ್ಕೆ ಮರುದಿನವೇ ಎಚ್ಚರಿಕೆ ಪತ್ರ ಬಂತು. 'ತಪ್ಪನ್ನು ಒಪ್ಪಿ ಸಹಿ ಮಾಡಿ' ಎಂದಿತ್ತು. ಚಿಕ್ಕಮ್ಮ ನನ್ನ ಪೆನ್ನು ಕಸಿದುಕೊಂಡು ದಪ್ಪ ಅಕ್ಷರದಲ್ಲಿ ಬರೆದಳು: 'ಓದಿದ್ದೇನೆ. ಒಪ್ಪಿಲ್ಲ.' ಕೆಳಗೆ ಸಹಿ ಹಾಕಿದಳು.