ಮಣ್ಣೆತ್ತಿನ ಮಿಣುಕಾಟ

ನನಗೊಂದು ಹುಚ್ಚಿದೆ. ಜೀವವಿಲ್ಲದ ವಸ್ತುವನ್ನು ಕೂದಲೆಳೆಯಷ್ಟು ಸರಿಸುವುದು, ಫೋಟೊ ತೆಗೆಯುವುದು, ಮತ್ತೆ ಸರಿಸುವುದು, ಮತ್ತೆ ತೆಗೆಯುವುದು. ದಿನವಿಡೀ ಬೆನ್ನು ಮುರಿದುಕೊಂಡರೆ ಆಕಳಿಸುವಷ್ಟು ಹೊತ್ತಿನ ಸಿನಿಮಾ ಆಗುತ್ತದೆ. ವಿಜಯಪುರದ ಜಲನಗರದ ನಮ್ಮ ಮನೆಯಲ್ಲಿ ಬದನೆಕಾಯಿ ಕೂಡ ವಾಕಿಂಗ್ ಹೋಗಿದೆ.

ಮಣ್ಣಿನ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆಗೆ ಈ ಸಲ ಮಾತ್ರ ಹುಚ್ಚಿಗೊಂದು ಕಾರಣವಿತ್ತು. ನಮ್ಮ ಜೊತೆಗಿರುವ ಅವ್ವನ ಕೈ ನಡುಗತೊಡಗಿದೆ. ಸಾರವಾಡದ ಎರೆಮಣ್ಣು ತರಿಸಿ ಓಣಿಗೆಲ್ಲ ಎತ್ತು ಮಾಡಿಕೊಡುತ್ತಿದ್ದವಳು ಈಗ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿರುತ್ತಾಳೆ. ನಾನು ಕಾಡಿ ಬೇಡಿದ ಮೇಲೆ ಒಂದು ಎತ್ತು ಮಾಡಿ, "ಸಾಕು ಯಪ್ಪಾ, ಇನ್ನ ಈ ಕೈಲೆ ಆಗಂಗಿಲ್ಲ. ಬರೋ ವರ್ಷ ಬಜಾರದಾಗಿಂದ ತಾ" ಎಂದಳು. ಎತ್ತನ್ನು ನಡೆಸಿ ತೋರಿಸಿದರೆ ಮನಸ್ಸು ಬದಲಾದೀತೆಂದು ಕ್ಯಾಮೆರಾ ಹೂಡಿದೆ. ನಾನು ಮುಟ್ಟಿದರೆ ಕೊಂಬು ಮುರಿಯುತ್ತದೆಂದು ಅವ್ವ ತಾನೇ ಸರಿಸಲು ಕೂತಳು.

ಎತ್ತು ನಡೆಯಿತು ನಿಜ, ಆದರೆ ಚಿತ್ರವೆಲ್ಲ ಗಾಳಿಗೆ ಸಿಕ್ಕ ದೀಪದಂತೆ ಮಿಣುಕುತ್ತಿತ್ತು. ಅವ್ವನ ಮುಖ ಸಪ್ಪಗಾಯಿತು. "ನನ್ನ ಕೈ ನಡಗಿದ್ದಕ್ಕ ಹಿಂಗ ಆಗೈತೇನು?"

"ಅಲ್ಲ ಬೇ, ಕ್ಯಾಮೆರಾದ್ದು ತಪ್ಪು" ಎಂದರೆ ನಂಬಲೊಲ್ಲಳು. ಆ ಮಿಣುಕನ್ನು ಇನ್ನು ತೆಗೆಯಲೇಬೇಕಾಯಿತು.

ತಪ್ಪು ಆಟೊದ್ದು. ನಮ್ಮ ವಿಜಯಪುರದಲ್ಲಿ ಆಟೊ ಎಂದರೆ ಮನಸ್ಸು ಬಂದಲ್ಲಿ ತಿರುಗುವ ವಾಹನ. ಕ್ಯಾಮೆರಾದೊಳಗಿನ ಆಟೊ ಕೂಡ ಅದೇ ಜಾತಿ. ಪ್ರತಿ ಫೋಟೊಗೂ ಬೆಳಕನ್ನು ಹೊಸದಾಗಿ ಅಳೆದು ತನಗೆ ತೋಚಿದಂತೆ ಹೆಚ್ಚುಕಡಿಮೆ ಮಾಡುತ್ತದೆ. ಅದನ್ನು ಬಂದ್ ಮಾಡಿ, ಬೆಳಕು ಬಣ್ಣ ಎಲ್ಲವನ್ನೂ ಕೈಯಾರೆ ಒಂದೇ ಅಳತೆಗೆ ನಿಲ್ಲಿಸಿದೆ. ಕಿಟಕಿಯಲ್ಲಿ ಮೋಡ ಆಟವಾಡುತ್ತಿತ್ತು, ಪರದೆ ಎಳೆದೆ. ವೋಲ್ಟೇಜು ಏರಿಳಿಯುತ್ತಿತ್ತು, ಬ್ಯಾಟರಿ ದೀಪ ಇಟ್ಟೆ. ಆದರೂ ಒಂದಿಷ್ಟು ಉಳಿಯಿತು. ಕೊನೆಗೆ ನನ್ನ ಮಂದಬುದ್ಧಿಗೆ ಹೊಳೆಯಿತು: ನನ್ನ ಬಿಳಿ ಅಂಗಿ, ಅವ್ವನ ಹಳದಿ ಸೀರೆ! ನಾವು ಬಾಗಿ ಎದ್ದಂತೆಲ್ಲ ಬಟ್ಟೆಯ ಬೆಳಕು ಎತ್ತಿನ ಮೇಲೆ ಬೀಳುತ್ತಿತ್ತು. ಈ ಕಸುಬಿನವರು ಕಪ್ಪು ಬಟ್ಟೆ ತೊಡುವುದು ಅದಕ್ಕೇ ಎಂದು ಅವ್ವನಿಗೆ ಹೇಳಿದೆ.

"ಅಮಾಸಿ ದಿನಾ ಕರೇದುಟ್ಟು ಬಸವಣ್ಣನ್ನ ಮುಟ್ಟಲೇನು? ಬಿಡ್ತು ಅನ್ನು!" ಎಂದು ಅವ್ವ ಸಿಟ್ಟಾದಳು. ಸ್ವಲ್ಪ ಹೊತ್ತಿಗೆ ಅವಳೇ ಟ್ರಂಕು ತೆಗೆದು ಕೆಂಪಂಚಿನ ಕಪ್ಪು ಸೀರೆ ಉಟ್ಟು ಬಂದಳು.

"ಹಂಗ್ಯಾಕ ನೋಡ್ತಿ? ಇದು ಕರೇದಲ್ಲ, ಚಂದ್ರಕಾಳಿ. ನೀ ಹೊಟ್ಟ್ಯಾಗ ಇದ್ದಾಗ ನಮ್ಮವ್ವ ಉಡಿಸಿದ್ದು. ಇದಕ್ಕ ದೋಷಿಲ್ಲ."

ಹೆಸರೊಂದು ಬಣ್ಣವನ್ನೇ ಬದಲಿಸುತ್ತದೆಂದು ಯಾವ ಕ್ಯಾಮೆರಾದ ಕೈಪಿಡಿಯಲ್ಲೂ ಬರೆದಿಲ್ಲ. ನಾನೂ ಕಪ್ಪು ಅಂಗಿ ಹಾಕಿಕೊಂಡು ಮೊದಲಿನಿಂದ ತೆಗೆಯತೊಡಗಿದೆ.

ಸಂಜೆ ಇಬ್ಬರೂ ನೋಡಿದೆವು. ಬೆಳಕು ಅಲ್ಲಾಡಲಿಲ್ಲ. ಅಲ್ಲಾಡಿದ್ದು ಎತ್ತು. ಅವ್ವನ ಬೆರಳು ಪ್ರತಿ ಸಲ ತುಸು ಆಚೀಚೆ ಇಟ್ಟಿದ್ದರಿಂದ ಅದರ ಮೈ ಸಣ್ಣಗೆ ತೂಗುತ್ತ, ಉಸಿರಾಡುತ್ತ, ನೊಗ ಬಿಚ್ಚಿದ ಮೇಲೆ ಮನೆಗೆ ಹೊರಟ ಎತ್ತಿನಂತೆ ನಡೆಯಿತು. ನಾನು ನಡೆಸಿದ ಯಾವುದಕ್ಕೂ ಇಷ್ಟು ಜೀವ ಬಂದಿರಲಿಲ್ಲ.

ಅವ್ವ ಮತ್ತೊಮ್ಮೆ ಹಾಕಿಸಿಕೊಂಡು ನೋಡಿದಳು. ಆಮೇಲೆ ಹುಬ್ಬು ಗಂಟಿಕ್ಕಿ, "ಒಂಟಿ ಎತ್ತು ಎಷ್ಟ ದೂರ ಹೋದೀತೋ? ಏಳು, ಮಣ್ಣ ಕಲಸು, ಜೋಡಿ ಮಾಡೂಣು" ಎಂದಳು.